ಐದು ಮಿಲಿಮೀಟರಿಗೊಂದು ಗೆರೆ: ಉದ್ಯಮಬಾಗದ ಒಂದು ವಿಎಂಸಿ, ಒಂದು ಲ್ಯಾನ್ ಕಾರ್ಡ್ ಮತ್ತು 200 ಮಿಲಿಸೆಕೆಂಡ್

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಪ್ಯಾಟರ್ನ್, ಕೋರ್ ಬಾಕ್ಸ್ (ಎರಕದ ಅಚ್ಚು ತಯಾರಿಸಲು ಬೇಕಾದ ಮಾದರಿಗಳು) ಮಾಡಿಕೊಡುವ ಒಂದು ಸಣ್ಣ ಶಾಪಿನ ಪ್ರಕರಣ ಇದು. ಹೆಸರು ಹಾಕಬೇಡಿ, ಬೇಕಾದರೆ ವಿವರ ಎಲ್ಲ ಬರೆಯಿರಿ ಎಂದು ಮಾಲಕರು ಒಪ್ಪಿದ್ದಾರೆ. ಅಲ್ಲಿ ಎರಡು ವಿಎಂಸಿ, ಅಂದರೆ ಪ್ರೋಗ್ರಾಮಿನಂತೆ ತಾನಾಗಿ ಲೋಹ ಕತ್ತರಿಸುವ ಯಂತ್ರಗಳಿವೆ. ತೊಂದರೆ ಹಳೆಯದರದ್ದು. ಪಂಪ್ ಕೇಸಿಂಗಿನ ಕೋರ್ ಬಾಕ್ಸನ್ನು ತುದಿ ದುಂಡಗಿರುವ ಬಾಲ್ ನೋಸ್ ಕಟರ್ ಹಾಕಿ ಫಿನಿಶಿಂಗ್ ಮಾಡುವಾಗ ನೇರ ಗೋಡೆಗಳು ನುಣುಪಾಗಿ ಬರುತ್ತಿದ್ದವು. ಬಾಗಿದ ಭಾಗದಲ್ಲಿ ಮಾತ್ರ, ಕಟರ್ ಹೋದ ದಾರಿಗೆ ಅಡ್ಡವಾಗಿ ಸಣ್ಣ ಸಣ್ಣ ಗೆರೆಗಳು ಬೀಳುತ್ತಿದ್ದವು. ಉಗುರು ಆಡಿಸಿದರೆ ತಾಗುವಷ್ಟು ಆಳ. ಎಮರಿ ಪೇಪರಿನಿಂದ ಉಜ್ಜಿ ತೆಗೆಯಬಹುದು, ಆದರೆ ಪಂಪಿನೊಳಗೆ ನೀರು ಹರಿಯುವ ದಾರಿಯ ಆಕಾರ ನಿರ್ಧಾರವಾಗುವುದು ಆ ಬಾಗಿದ ಮೈಯಿಂದಲೇ. ಕೈಯಿಂದ ಉಜ್ಜಿದಷ್ಟೂ ಕ್ಯಾಮ್‌ನಲ್ಲಿ (ಕಟರಿನ ದಾರಿ ಲೆಕ್ಕ ಹಾಕುವ ಸಾಫ್ಟ್‌ವೇರಿನಲ್ಲಿ) ಕಷ್ಟಪಟ್ಟು ತಂದ ಆಕಾರ ಹಾಳಾಗುತ್ತದೆ.

ಕಟರ್ ಚಲಿಸುತ್ತಿರುವಾಗ ಒಂದು ಕ್ಷಣ ನಿಂತರೆ ಇಂಥ ಗುರುತು ಬೀಳುತ್ತದೆ. ಕತ್ತರಿಸುವಾಗ ಕಟರ್ ಒತ್ತಡಕ್ಕೆ ತುಸು ಬಾಗಿರುತ್ತದೆ. ಚಲನೆ ನಿಂತಾಗ ಒತ್ತಡ ಇಳಿದು ನೆಟ್ಟಗಾಗುತ್ತದೆ, ನಿಂತಲ್ಲೇ ತಿರುಗುತ್ತ ಲೋಹವನ್ನು ಇನ್ನಷ್ಟು ಕೆರೆಯುತ್ತದೆ. ಹಾಗಾಗಿ ಪ್ರಶ್ನೆ ಸರಳವಾಗಿತ್ತು: ಯಂತ್ರ ಏಕೆ ನಿಲ್ಲುತ್ತಿದೆ?

ಆ ಯಂತ್ರವನ್ನು ನಡೆಸುವ ಕಂಟ್ರೋಲರಿನ ಮೆಮೊರಿ ಚಿಕ್ಕದು. ಕೋರ್ ಬಾಕ್ಸಿನ ಫಿನಿಶಿಂಗ್ ಪ್ರೋಗ್ರಾಂ ಹಲವು ಎಂಬಿ ಇರುತ್ತದೆ, ಒಳಗೆ ಹಿಡಿಸುವುದಿಲ್ಲ. ಆದ್ದರಿಂದ ಪಕ್ಕದ ಪಿಸಿ ಪ್ರೋಗ್ರಾಮನ್ನು ತುಂಡುತುಂಡಾಗಿ ಕಳಿಸುತ್ತ ಇರುತ್ತದೆ, ಯಂತ್ರ ತಿನ್ನುತ್ತ ಹೋಗುತ್ತದೆ. ಶಾಪುಗಳಲ್ಲಿ ಇದಕ್ಕೆ ಡ್ರಿಪ್ ಫೀಡ್ ಅನ್ನುತ್ತಾರೆ. ಮೊದಲು ಸೀರಿಯಲ್ ಕೇಬಲ್ ಇತ್ತು. ಆಮೇಲೆ ಕಂಟ್ರೋಲರಿಗೆ ಈಥರ್ನೆಟ್ ಬೋರ್ಡ್ ಹಾಕಿಸಿದರು. ಕಂಟ್ರೋಲರ್ ‘ಮುಂದಿನ 1024 ಬೈಟ್ ಕೊಡು’ ಎಂದು ಕೇಳುತ್ತದೆ, ಪಿಸಿ ಕೊಡುತ್ತದೆ. ಕಂಟ್ರೋಲರಿನೊಳಗೆ 4 ಕೆಬಿ ಬಫರ್, ಅಂದರೆ ಬಂದದ್ದನ್ನು ಬಳಸುವವರೆಗೆ ಇಟ್ಟುಕೊಳ್ಳುವ ಜಾಗ. ಪಿಸಿಯ ಕಡೆಯ ಪ್ರೋಗ್ರಾಂ ಬರೆದವನು ಮಾಲಕರ ಅಣ್ಣನ ಮಗ, ಇಲ್ಲಿಯದೇ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ ಹುಡುಗ. ಪೈಥಾನ್‌ನಲ್ಲಿ ಬರೆದಿದ್ದ. ಕೋಡ್ ಓದಿದೆ, ಚೊಕ್ಕವಾಗಿತ್ತು.

ನಾನು ಹೋಗುವ ಮೊದಲು ಆಗಿದ್ದು

ಡೇಟಾ ತಡವಾಗಿ ಬರುತ್ತಿದೆ ಎಂಬುದು ಅವರಿಗೆ ಗೊತ್ತಾಗಿತ್ತು. ಗೆರೆ ಬೀಳುವ ಹೊತ್ತಿಗೆ ಕಂಟ್ರೋಲರಿನ ಪರದೆಯಲ್ಲಿ ಬಫರ್ ಖಾಲಿ ಎಂಬ ಸೂಚನೆ ಮಿನುಗುತ್ತಿತ್ತು. ಆದ್ದರಿಂದ ಎಲ್ಲರೂ ಮಾಡುವಂತೆ ವೇಗದ ಹಿಂದೆ ಬಿದ್ದರು. ಪಿಸಿಯ ಲ್ಯಾನ್ ಕಾರ್ಡ್ ಬದಲಾಯಿಸಿ, ಆಟ ಆಡುವವರಿಗೆಂದು ಮಾರುವ ದುಬಾರಿ ಕಾರ್ಡ್ ಹಾಕಿದರು. ಕೇಬಲ್ ಬದಲಾಯಿಸಿ ಶೀಲ್ಡ್ ಇರುವ ಕ್ಯಾಟ್ 6 ಎಳೆದರು. ಕಾರ್ಡಿನ ಅಡ್ವಾನ್ಸ್ಡ್ ಸೆಟ್ಟಿಂಗಿಗೆ ಹೋಗಿ, ತಡ ಮಾಡುತ್ತವೆ ಎಂದು ಜನ ಹೇಳುವ ಇಂಟರಪ್ಟ್ ಮಾಡರೇಶನ್, ಎನರ್ಜಿ ಎಫಿಶಿಯೆಂಟ್ ಈಥರ್ನೆಟ್, ದೊಡ್ಡ ಸೆಂಡ್ ಆಫ್‌ಲೋಡ್ ಎಲ್ಲ ಬಂದ್ ಮಾಡಿದರು. ಗೆರೆಗಳು ಒಂದಿಷ್ಟೂ ಕದಲಲಿಲ್ಲ. ಕೊನೆಗೆ ಹತ್ತು ಗಿಗಾಬಿಟ್ ಕಾರ್ಡು, ಫೈಬರು ಹಾಕಿಸಬೇಕೆಂಬ ಕೊಟೇಶನ್ ಮೇಜಿನ ಮೇಲೆ ಬಂದು ಕೂತಿತ್ತು.

ಯಂತ್ರ ನಡೆಸುವ ಹಿರಿಯರೊಬ್ಬರಿದ್ದಾರೆ. ಶಾಪಿನಲ್ಲಿ ಎಲ್ಲರೂ ಅವರನ್ನು ಕಾಕಾ ಅನ್ನುತ್ತಾರೆ. ಅವರು ಹೇಳಿದ ಎರಡು ಮಾತು ಇಡೀ ಪ್ರಕರಣದ ಬೀಗ ತೆಗೆದವು. ಆ ಮಾತುಗಳನ್ನು ಅದುವರೆಗೆ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. (ಫೀಡ್ ಎಂದರೆ ಕಟರ್ ಮುಂದೆ ಸಾಗುವ ವೇಗ.)

‘ಫೀಡ್ 1500 ಇಟ್ರ ಏನೂ ಆಗಂಗಿಲ್ರಿ ಸರ. 1800ಕ್ಕ ಏರಿಸಿದ್ರ ಗೆರಿ ಬೀಳ್ತಾವ. ಅದೂ ಬಾಗು ಶುರು ಆದ ಕೂಡ್ಲೇ ಅಲ್ಲ, ನಾಕೈದು ಸೆಕೆಂಡ್ ಚಲೋ ಹೋಕ್ಕೈತಿ, ಆಮ್ಯಾಲೆ ಗಕ್ ಗಕ್ ಅಂತೈತಿ.’

‘ಗೆರಿ ನಡುವ ಎಷ್ಟು ಅಂತರ ಅದ ಕಾಕಾ?’ ಅಂದೆ.

ಅವರು ಜೇಬಿನಿಂದ ಸ್ಕೇಲ್ ತೆಗೆದು ಕೋರ್ ಬಾಕ್ಸಿನ ಮೇಲೆ ಇಟ್ಟು ತೋರಿಸಿದರು. ‘ಐದು ಮಿಲಿ. ಎಲ್ಲಿ ನೋಡ್ರಿ, ಐದೇ.’

ಕೇಬಲ್ ಹಾಳಾಗಿದ್ದರೆ, ಕಾರ್ಡ್ ಕೆಟ್ಟಿದ್ದರೆ, ಪಕ್ಕದ ಫೌಂಡ್ರಿಯ ಇಂಡಕ್ಷನ್ ಫರ್ನೇಸ್ ಗಲಾಟೆ ಮಾಡುತ್ತಿದ್ದರೆ ಗೆರೆಗಳು ಮನಬಂದಂತೆ ಬೀಳಬೇಕು. ಸ್ಕೇಲ್ ಇಟ್ಟು ಎಳೆದಂತೆ ಐದೈದು ಮಿಲಿಮೀಟರಿಗೆ ಬೀಳುತ್ತಿವೆ ಎಂದರೆ ಎಲ್ಲೋ ಒಂದು ಟೈಮರ್ ಕೂತು ಎಣಿಸುತ್ತಿದೆ.

ಕಾಗದದ ಮೇಲಿನ ಲೆಕ್ಕ

ಯಾವ ಸಾಫ್ಟ್‌ವೇರನ್ನೂ ತೆರೆಯುವ ಮೊದಲು ಒಂದು ಕಾಗದ ತೆಗೆದುಕೊಂಡೆವು. ಬಾಗಿದ ಮೈಯನ್ನು ಕ್ಯಾಮ್ ಸಣ್ಣ ಸಣ್ಣ ನೇರ ಗೆರೆಗಳಾಗಿ ಒಡೆಯುತ್ತದೆ. ಈ ಕೆಲಸದಲ್ಲಿ ಒಂದೊಂದು ತುಂಡು ಸರಾಸರಿ 0.1 ಮಿಲಿಮೀಟರ್. ಪ್ರತಿ ತುಂಡಿಗೆ ಪ್ರೋಗ್ರಾಮಿನಲ್ಲಿ ಒಂದು ಸಾಲು, ಸಾಲಿಗೆ ಸರಾಸರಿ 20 ಅಕ್ಷರ. ಫೀಡ್ ನಿಮಿಷಕ್ಕೆ 1800 ಮಿ.ಮೀ. ಎಂದರೆ ಸೆಕೆಂಡಿಗೆ 30 ಮಿ.ಮೀ., ಅಂದರೆ 300 ಸಾಲು, ಅಂದರೆ 6000 ಬೈಟ್.

ಸೆಕೆಂಡಿಗೆ ಆರು ಸಾವಿರ ಬೈಟ್. ಗಿಗಾಬಿಟ್ ಕಾರ್ಡ್ ಸೆಕೆಂಡಿಗೆ ಹನ್ನೆರಡು ಕೋಟಿ ಬೈಟ್ ಸಾಗಿಸಬಲ್ಲದು. ಹಳೆಯ 10 ಮೆಗಾಬಿಟ್ ಕಾರ್ಡಿಗೂ ಆರು ಸಾವಿರ ಬೈಟ್ ಒಂದು ಹೊರೆಯಲ್ಲ. ಈ ಒಂದು ಭಾಗಾಕಾರ ಮಾಡಿದ್ದರೆ ದುಬಾರಿ ಕಾರ್ಡಿನ ಖರ್ಚು ಉಳಿಯುತ್ತಿತ್ತು. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನಮ್ಮ ಶಾಪುಗಳಲ್ಲಿ ನೆಟ್‌ವರ್ಕ್ ನಿಧಾನ ಎಂದರೆ ಹೆಚ್ಚು ವೇಗದ ಸಾಮಾನು ತರುವುದು ವಾಡಿಕೆಯಾಗಿಬಿಟ್ಟಿದೆ. ದುಡ್ಡು ಹೋಗುತ್ತದೆ, ಸಮಸ್ಯೆ ಅಲ್ಲೇ ಕೂತಿರುತ್ತದೆ, ಕೊನೆಗೆ ‘ಈ ಯಂತ್ರ ಇಷ್ಟೇ’ ಎಂದು ಫೀಡ್ ಇಳಿಸಿಕೊಂಡು ಕೆಲಸ ಮಾಡುತ್ತಾರೆ. ಫೀಡ್ ಇಳಿಸಿದರೆ ಫಿನಿಶಿಂಗಿಗೆ ಹಿಡಿಯುವ ಹೊತ್ತು ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಆ ನಷ್ಟವನ್ನು ಯಾರೂ ಬಿಲ್ಲಿನಲ್ಲಿ ನೋಡುವುದಿಲ್ಲ.

ಈಗ ಕಾಕಾ ಕೊಟ್ಟ ಸುಳಿವು. 1500 ಫೀಡಿಗೆ ಬೇಕಾದದ್ದು ಸೆಕೆಂಡಿಗೆ 5000 ಬೈಟ್, ಅದು ಸಿಗುತ್ತಿದೆ. 1800ಕ್ಕೆ ಬೇಕಾದ 6000 ಸಿಗುತ್ತಿಲ್ಲ. ಹಾಗಾದರೆ ಪೂರೈಕೆ ಇವೆರಡರ ನಡುವೆ ಎಲ್ಲೋ ಇದೆ. ಗೆರೆಗಳ ನಡುವೆ ಐದು ಮಿಲಿಮೀಟರ್ ಎಂದರೆ ಸುಮಾರು 50 ಸಾಲು, ಅಂದರೆ ಸುಮಾರು 1000 ಬೈಟ್. ಅದು ಕಂಟ್ರೋಲರ್ ಒಂದು ಸಲಕ್ಕೆ ಕೇಳುವ ತುಂಡಿನ ಅಳತೆಯೇ! ಅಂದರೆ ಪ್ರತಿ ತುಂಡು ಮುಗಿದಾಗಲೂ ಯಂತ್ರ ಮುಂದಿನ ತುಂಡಿಗಾಗಿ ಕಾಯುತ್ತಿದೆ. 1024 ಬೈಟಿನ ತುಂಡೊಂದು ಬರಲು ಎಷ್ಟು ಹೊತ್ತು ಹಿಡಿದರೆ ಸೆಕೆಂಡಿಗೆ ಐದು ಸಾವಿರದ ಚಿಲ್ಲರೆ ಬೈಟ್ ಆಗುತ್ತದೆ? 200 ಮಿಲಿಸೆಕೆಂಡ್. ಆಗ ಪೂರೈಕೆ ಸರಿಯಾಗಿ 5120 ಬೈಟ್.

ನಾಲ್ಕೈದು ಸೆಕೆಂಡ್ ಚೆನ್ನಾಗಿ ಹೋಗುವುದಕ್ಕೂ ಇದೇ ಲೆಕ್ಕ ಉತ್ತರ ಕೊಡುತ್ತದೆ. ಬಾಗು ಶುರುವಾದಾಗ 4 ಕೆಬಿ ಬಫರ್ ತುಂಬಿರುತ್ತದೆ. ಬೇಡಿಕೆ 6000, ಪೂರೈಕೆ 5120, ಕೊರತೆ ಸೆಕೆಂಡಿಗೆ 880 ಬೈಟ್. ಆ ದರದಲ್ಲಿ 4096 ಬೈಟ್ ಖಾಲಿಯಾಗಲು ನಾಲ್ಕೂವರೆ ಸೆಕೆಂಡಿಗೆ ತುಸು ಹೆಚ್ಚು ಬೇಕು. ಕಾಕಾ ಕಿವಿಯಿಂದ ಅಳೆದದ್ದು ಅದನ್ನೇ.

200 ಎಲ್ಲಿಂದ ಬಂತು

ನೆಟ್‌ವರ್ಕಿನಲ್ಲಿ ನಿಜವಾದ ನಿಧಾನಗತಿ ಎಂದೂ ದುಂಡು ಸಂಖ್ಯೆಯಲ್ಲಿ ಬರುವುದಿಲ್ಲ. ಕೇಬಲಿನಲ್ಲಿ ಸಂಕೇತ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡಿನಂತೆ ಹೋಗುತ್ತದೆ. 100 ಮೀಟರ್ ದಾಟಲು ಅರ್ಧ ಮೈಕ್ರೋಸೆಕೆಂಡ್. 1518 ಬೈಟಿನ ಪೂರ್ತಿ ಫ್ರೇಮ್ (ತಂತಿಯಲ್ಲಿ ಒಂದು ಸಲಕ್ಕೆ ಹೋಗುವ ಡೇಟಾ ಕಟ್ಟು) ತಂತಿಗೆ ಇಳಿಯಲು 100 ಮೆಗಾಬಿಟ್‌ನಲ್ಲಿ ಸುಮಾರು 120 ಮೈಕ್ರೋಸೆಕೆಂಡ್, ಗಿಗಾಬಿಟ್‌ನಲ್ಲಿ ಸುಮಾರು 12. ಇವನ್ನೆಲ್ಲ ಎಷ್ಟು ಸಲ ಕೂಡಿದರೂ 200 ಮಿಲಿಸೆಕೆಂಡ್ ಹತ್ತಿರಕ್ಕೂ ಬರುವುದಿಲ್ಲ. 200 ಎಂದು ಕಂಡಾಗ ಯಾರೋ ಬೇಕೆಂದೇ ಕಾಯುತ್ತಿದ್ದಾರೆ ಎಂದು ತಿಳಿಯಬೇಕು. ಆ ಕಾಯುವಿಕೆಯನ್ನು ಯಾರು, ಯಾವ ಕೆಲಸಕ್ಕೆಂದು ಇಟ್ಟರು ಎಂದು ಹುಡುಕಬೇಕು.

ಪಿಸಿಯಲ್ಲಿ ನೆಟ್‌ವರ್ಕ್ ಸಂಚಾರ ದಾಖಲಿಸುವ ವೈರ್‌ಶಾರ್ಕ್ ಹಚ್ಚಿ ಪ್ಯಾಕೆಟ್ ಹಿಡಿದೆವು. ಕಥೆ ಕೆಲವೇ ಸಾಲುಗಳಲ್ಲಿತ್ತು. ಕಂಟ್ರೋಲರ್ ಕೇಳುತ್ತದೆ. ಪಿಸಿ ತಕ್ಷಣ ನಾಲ್ಕು ಬೈಟಿನ ಒಂದು ಪುಟ್ಟ ಪ್ಯಾಕೆಟ್ ಕಳಿಸುತ್ತದೆ. ಮುಂದೆ ಬರುವ ತುಂಡಿನ ಉದ್ದ ಅದರಲ್ಲಿದೆ. ಆಮೇಲೆ ಎರಡೂ ಕಡೆ ಮೌನ. 200 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಕಂಟ್ರೋಲರಿನಿಂದ ‘ಬಂತು’ ಎಂಬ ಬರೀ ಸ್ವೀಕೃತಿ ಬರುತ್ತದೆ. ಅದು ಬಂದ ಮರುಗಳಿಗೆಯೇ ಪಿಸಿಯಿಂದ 1024 ಬೈಟ್ ಹೊರಡುತ್ತದೆ. ಪ್ರತಿ ತುಂಡಿಗೂ ಇದೇ.

ಇದು ಟಿಸಿಪಿಯ (ಕಳಿಸಿದ್ದು ತಪ್ಪದೆ ತಲುಪುವಂತೆ ನೋಡಿಕೊಳ್ಳುವ ನೆಟ್‌ವರ್ಕ್ ಪದ್ಧತಿಯ) ಎರಡು ಹಳೆಯ ನಿಯಮಗಳು ಒಂದನ್ನೊಂದು ತಡೆದು ನಿಂತ ಸ್ಥಿತಿ. ಮೊದಲನೆಯದು ಜಾನ್ ನೇಗಲ್ ಅವರದು. 1984ರಲ್ಲಿ ಆರ್‌ಎಫ್‌ಸಿ 896 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ಅವರು ಇದನ್ನು ಬರೆದರು. ಆಗ ದೂರದ ಕಂಪ್ಯೂಟರಿನಲ್ಲಿ ಕೂತು ಟೈಪ್ ಮಾಡಿದರೆ ಒಂದೊಂದು ಅಕ್ಷರಕ್ಕೂ 40 ಬೈಟ್ ತಲೆಬರಹ ಸೇರಿ 41 ಬೈಟಿನ ಪ್ಯಾಕೆಟ್ ಹೋಗುತ್ತಿತ್ತು, ನಿಧಾನದ ಲೈನುಗಳು ಕಟ್ಟಿಕೊಳ್ಳುತ್ತಿದ್ದವು. ಅದಕ್ಕೆ ನೇಗಲ್ ಕೊಟ್ಟ ಉಪಾಯ: ಹಿಂದೆ ಕಳಿಸಿದ್ದಕ್ಕೆ ಸ್ವೀಕೃತಿ ಬಂದಿಲ್ಲವಾದರೆ, ಈಗಿರುವ ಮಾಲು ಒಂದು ಪೂರ್ತಿ ಪ್ಯಾಕೆಟಿನಷ್ಟಿಲ್ಲವಾದರೆ, ತಡೆದಿಟ್ಟುಕೋ. ನಮ್ಮ ಕಡೆ ಟಂಟಂ ಗಾಡಿಗಳು ಸೀಟು ಭರ್ತಿಯಾಗದೆ ಹೊರಡುವುದಿಲ್ಲವಲ್ಲ, ಹಾಗೆ. ಎರಡನೆಯದು ತಡವಾದ ಸ್ವೀಕೃತಿ. ಪಡೆದವರು ಪ್ರತಿ ಪ್ಯಾಕೆಟಿಗೂ ಬರೀ ಸ್ವೀಕೃತಿ ಕಳಿಸುವ ಬದಲು, ಹೇಗೂ ಉತ್ತರ ಕಳಿಸುವುದಿದೆ, ಅದರ ಜೊತೆಗೇ ಹಾಕೋಣ ಎಂದು ಸ್ವಲ್ಪ ಕಾಯುತ್ತಾರೆ. 1989ರ ಆರ್‌ಎಫ್‌ಸಿ 1122 ಪ್ರಕಾರ ಈ ಕಾಯುವಿಕೆ 500 ಮಿಲಿಸೆಕೆಂಡ್ ದಾಟಬಾರದು. ಬಹಳಷ್ಟು ವ್ಯವಸ್ಥೆಗಳಲ್ಲಿ ಅದು 200 ಇರುತ್ತದೆ.

ಬಿಡಿಬಿಡಿಯಾಗಿ ನೋಡಿದರೆ ಎರಡೂ ವಿವೇಕದ ನಿಯಮಗಳೇ. ಇಲ್ಲಿ ಎರಡೂ ಸೇರಿದವು. ಪಿಸಿ ‘ಸ್ವೀಕೃತಿ ಬಂದ ಮೇಲೆ ಕಳಿಸುತ್ತೇನೆ’ ಎಂದು 1024 ಬೈಟ್ ಹಿಡಿದುಕೊಂಡು ಕೂತಿದೆ, ಏಕೆಂದರೆ ಪೂರ್ತಿ ಪ್ಯಾಕೆಟಿಗೆ 1460 ಬೈಟ್ ಬೇಕು. ಕಂಟ್ರೋಲರ್ ‘ಮುಂದಿನ ಬೇಡಿಕೆಯ ಜೊತೆ ಸ್ವೀಕೃತಿ ಕಳಿಸುತ್ತೇನೆ’ ಎಂದು ಕೂತಿದೆ. ಆದರೆ ಈ ತುಂಡು ಬರದೆ ಮುಂದಿನದನ್ನು ಅದು ಕೇಳುವುದಿಲ್ಲ. ಟೈಮರ್ ಬಡಿಯುವವರೆಗೆ ಇಬ್ಬರಿಗೂ ಬಿಡುಗಡೆ ಇಲ್ಲ. ಈ ಜೋಡಿಯಿಂದಾಗುವ ತೊಂದರೆಯನ್ನು ನೇಗಲ್ ಅವರೇ ಮುಂದೆ ಸಾರ್ವಜನಿಕವಾಗಿ ಹೇಳಿದ್ದಾರೆ, ತಡವಾದ ಸ್ವೀಕೃತಿಯೇ ಅದರಲ್ಲಿ ಹೆಚ್ಚು ಕೆಟ್ಟದ್ದು ಎಂಬುದು ಅವರ ನಿಲುವು.

ದುರಸ್ತಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹುಡುಗನ ಕೋಡಿನಲ್ಲಿ ಉದ್ದವನ್ನು ಒಂದು ಸಲ, ಡೇಟಾವನ್ನು ಇನ್ನೊಂದು ಸಲ ಕಳಿಸುವ ಎರಡು ಸಾಲು ಇದ್ದವು. ಯಾರು ಬರೆದರೂ ಹಾಗೆಯೇ ಬರೆಯುತ್ತಾರೆ, ಪುಸ್ತಕದಲ್ಲೂ ಹಾಗೆಯೇ ಇರುತ್ತದೆ. ಎರಡನ್ನೂ ಕೂಡಿಸಿ ಒಂದೇ ಸಲ ಕಳಿಸುವಂತೆ ಮಾಡಿದೆವು. ಜೊತೆಗೆ ಸಾಕೆಟ್‌ಗೆ (ಪ್ರೋಗ್ರಾಂ ತೆರೆಯುವ ನೆಟ್‌ವರ್ಕ್ ಸಂಪರ್ಕಕ್ಕೆ) ಟಿಸಿಪಿ ನೋ-ಡಿಲೇ ಆಯ್ಕೆ ಹಾಕಿ ನೇಗಲ್ ನಿಯಮವನ್ನು ಆ ಸಂಪರ್ಕಕ್ಕೆ ಮಾತ್ರ ಬಂದ್ ಮಾಡಿದೆವು. ನನ್ನ ಅಭಿಪ್ರಾಯದಲ್ಲಿ ಕೂಡಿಸುವುದೇ ಮೊದಲ ಮದ್ದು, ನೋ-ಡಿಲೇ ಅದರ ಬೆನ್ನಿಗೆ ಇರಬೇಕಾದದ್ದು. ನೋ-ಡಿಲೇ ಒಂದನ್ನೇ ಹಾಕಿ ಬಿಟ್ಟರೆ ಪುಟ್ಟ ಪ್ಯಾಕೆಟುಗಳು ಹೆಚ್ಚುತ್ತವೆ, ಆ ಕಂಟ್ರೋಲರಿನಂಥ ದುರ್ಬಲ ಯಂತ್ರಕ್ಕೆ ಪ್ರತಿ ಪ್ಯಾಕೆಟೂ ಕೆಲಸವೇ.

200 ಮಿಲಿಸೆಕೆಂಡ್ ಇದ್ದ ಸುತ್ತು ಕೆಲವೇ ಮಿಲಿಸೆಕೆಂಡಿಗೆ ಇಳಿಯಿತು. 1800 ಫೀಡಿನಲ್ಲಿ ಐದು ಮಿಲಿಮೀಟರಿನ ಗೆರೆಗಳು ಪೂರ್ತಿ ಹೋದವು.

ಹಗಲು ಮಾತ್ರ ಬೀಳುವ ಗುರುತು

ಕೆಲಸ ಮುಗಿಯಿತು ಎಂದುಕೊಳ್ಳುವ ಹೊತ್ತಿಗೆ ಕಾಕಾ ಇನ್ನೊಂದು ಕೋರ್ ಬಾಕ್ಸ್ ತಂದು ಇಟ್ಟರು. ಬಾಗಿದ ಮೈಯಲ್ಲಿ ಎಲ್ಲೋ ಒಂದು ಕಡೆ ಒಂದು ಗುರುತು, ಇನ್ನೊಂದು ಕಡೆ ಇನ್ನೊಂದು. ಅಂತರಕ್ಕೆ ಲೆಕ್ಕವಿಲ್ಲ. ‘ರಾತ್ರಿ ಪಾಳ್ಯಾಗ ಬೀಳಂಗಿಲ್ರಿ. ಹಗಲಷ್ಟ ಬೀಳ್ತೈತಿ.’

ಹಗಲು ಎಂದ ಕೂಡಲೇ ಎಲ್ಲರ ಕಣ್ಣು ಪಕ್ಕದ ಫೌಂಡ್ರಿಯ ಕಡೆ ಹೋಯಿತು. ವಿದ್ಯುತ್ ಗದ್ದಲ ಇರಬೇಕು ಎಂಬ ಅನುಮಾನ ತಪ್ಪಲ್ಲ. ಡ್ರೈವ್ ಕೇಬಲಿನ ಪಕ್ಕದಲ್ಲೇ ಲ್ಯಾನ್ ಕೇಬಲ್ ಎಳೆದ ಶಾಪುಗಳನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಇಲ್ಲಿ ಶೀಲ್ಡ್ ಕೇಬಲ್ ಆಗಲೇ ಬಂದಿತ್ತು, ದಾರಿಯೂ ಬೇರೆ ಇತ್ತು.

ಲ್ಯಾನ್ ಕೇಬಲುಗಳನ್ನು ಕೂಡಿಸುವ ಅವರ ಸ್ವಿಚ್ ಸಾದಾ. ಅದು ಏನನ್ನೂ ಹೇಳುವುದಿಲ್ಲ. ಅದರ ಜಾಗದಲ್ಲಿ ಮ್ಯಾನೇಜ್ಡ್ ಸ್ವಿಚ್ ಇಟ್ಟು ಯಂತ್ರದ ಪೋರ್ಟಿನ ಲೆಕ್ಕ ತೆಗೆದೆವು. ಅಲ್ಲಿ ವೇಗ 100 ಮೆಗಾಬಿಟ್, ಡ್ಯುಪ್ಲೆಕ್ಸ್ ಹಾಫ್ ಎಂದಿತ್ತು. (ಹಾಫ್ ಎಂದರೆ ಒಂದು ಸಲಕ್ಕೆ ಒಬ್ಬರೇ ಕಳಿಸಬೇಕು, ಫುಲ್ ಎಂದರೆ ಇಬ್ಬರೂ ಒಟ್ಟಿಗೆ ಕಳಿಸಬಹುದು.) ಕೆಳಗೆ ಲೇಟ್ ಕೊಲಿಷನ್ ಎಂಬ ಸಾಲಿನಲ್ಲಿ ಸಂಖ್ಯೆ ನಿಧಾನಕ್ಕೆ ಏರುತ್ತಿತ್ತು. ಕಂಟ್ರೋಲರಿನ ಸೆಟ್ಟಿಂಗ್ ತೆರೆದರೆ ಅಲ್ಲಿ 100 ಫುಲ್ ಎಂದು ಗಟ್ಟಿಯಾಗಿ ಇಟ್ಟಿತ್ತು. ಹಿಂದೆ ಯಾರೋ ವೇಗ ಖಾತ್ರಿಯಾಗಲಿ ಎಂದು ಹಾಗೆ ಮಾಡಿದ್ದರು.

ಇಲ್ಲಿ ಎಡವುವವರು ಬಹಳ. ಒಂದು ಕಡೆ ಆಟೋ (ಎರಡು ಪೋರ್ಟುಗಳು ತಾವೇ ಮಾತಾಡಿಕೊಂಡು ವೇಗ, ಡ್ಯುಪ್ಲೆಕ್ಸ್ ಒಪ್ಪಿಕೊಳ್ಳುವ ವ್ಯವಸ್ಥೆ) ಬಂದ್ ಮಾಡಿ 100 ಫುಲ್ ಎಂದು ಕೂರಿಸಿದರೆ, ಇನ್ನೊಂದು ಕಡೆಯ ಆಟೋ ಪೋರ್ಟಿಗೆ ಮಾತುಕತೆಗೆ ಯಾರೂ ಸಿಗುವುದಿಲ್ಲ. ಸಂಕೇತ ನೋಡಿ ವೇಗ 100 ಎಂದು ಅದು ಪತ್ತೆ ಹಚ್ಚಬಲ್ಲದು, ಡ್ಯುಪ್ಲೆಕ್ಸ್ ಪತ್ತೆ ಹಚ್ಚಲಾರದು. ಆಗ ಹಾಫ್ ಎಂದು ಹಿಡಿಯಬೇಕು ಎಂಬುದು ನಿಯಮ. ಹೀಗೆ ಕಂಟ್ರೋಲರ್ ಯಾವಾಗ ಬೇಕಾದರೂ ಮಾತಾಡುತ್ತದೆ. ಸ್ವಿಚ್ ಮಾತ್ರ ತಾನು ಕಳಿಸುವಾಗ ಆಚೆಯಿಂದ ಏನಾದರೂ ಬಂದರೆ ಡಿಕ್ಕಿ ಆಯಿತೆಂದು ನಿಲ್ಲಿಸುತ್ತದೆ. ಫ್ರೇಮಿನ ಮೊದಲ 64 ಬೈಟ್ ದಾಟಿದ ಮೇಲೆ ಡಿಕ್ಕಿಯಾದರೆ ಅದು ಲೇಟ್ ಕೊಲಿಷನ್, ಸಾಮಾನ್ಯವಾಗಿ ಆ ಫ್ರೇಮ್ ಹೋದಂತೆಯೇ. ಫುಲ್ ಎಂದುಕೊಂಡ ಕಡೆ ಅದೇ ಘಟನೆ ಸಿಆರ್‌ಸಿ ದೋಷವಾಗಿ, ಅಂದರೆ ಫ್ರೇಮ್ ಕೆಟ್ಟು ಬಂದಂತೆ ಕಾಣುತ್ತದೆ. ಅದನ್ನು ನೋಡಿದವರು ಕೇಬಲ್ ಹಾಳಾಗಿದೆ ಎಂದು ಕೇಬಲ್ ಬದಲಾಯಿಸುತ್ತಾರೆ. ಒಂದು ಕಡೆ ಲೇಟ್ ಕೊಲಿಷನ್, ಇನ್ನೊಂದು ಕಡೆ ಸಿಆರ್‌ಸಿ ಕಂಡರೆ ಕೇಬಲಿಗೆ ಕೈ ಹಾಕುವ ಮೊದಲು ಡ್ಯುಪ್ಲೆಕ್ಸ್ ನೋಡಿ.

ಹಗಲು ಮಾತ್ರ ಏಕೆ? ಕೇಳು, ಕೊಡು ಎಂದು ಸರದಿಯಲ್ಲಿ ನಡೆಯುವ ಮಾತಿನಲ್ಲಿ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುವುದು ಅಪರೂಪ. ಆದರೆ ಹಗಲು ಆಫೀಸಿನಲ್ಲಿ ಮಾಲಕರ ಮೇಜಿನ ಮೇಲೆ ಯಂತ್ರದ ಸ್ಥಿತಿ ತೋರಿಸುವ ಪರದೆ ಚಾಲೂ ಇರುತ್ತದೆ. ಅದು ಕಂಟ್ರೋಲರನ್ನು ಪದೇಪದೇ ವಿಚಾರಿಸುತ್ತದೆ, ಕಂಟ್ರೋಲರ್ ಉತ್ತರ ಕೊಡುತ್ತದೆ. ಆ ಉತ್ತರವೂ ಪಿಸಿ ಕಳಿಸಿದ ತುಂಡೂ ಎದುರುಬದುರಾದಾಗ ತುಂಡು ಕಳೆದುಹೋಗುತ್ತದೆ. ರಾತ್ರಿ ಆಫೀಸು ಬಂದ್, ಪರದೆಯೂ ಬಂದ್.

ಕಳೆದ ಪ್ಯಾಕೆಟನ್ನು ಟಿಸಿಪಿ ಮತ್ತೆ ಕಳಿಸುತ್ತದೆ, ಆದರೆ ಕಳೆದಿದೆ ಎಂದು ತಿಳಿಯಲು ಅದೂ ಕಾಯಬೇಕು. ಹಿಂದೆ ಬೇರೆ ಪ್ಯಾಕೆಟುಗಳು ಸಾಲಾಗಿ ಹೋಗುತ್ತಿದ್ದರೆ ಪಡೆದವರ ಸ್ವೀಕೃತಿಗಳಿಂದ ಬೇಗ ಗೊತ್ತಾಗುತ್ತದೆ. ಇಲ್ಲಿ ದಾರಿಯಲ್ಲಿರುವುದು ಒಂದೇ ಪ್ಯಾಕೆಟ್. ಹಾಗಾಗಿ ಟೈಮರ್ ಒಂದೇ ಗತಿ. ವಿಂಡೋಸ್‌ನಲ್ಲಿ ಅದರ ಸಾಮಾನ್ಯ ಕನಿಷ್ಠ ಮಿತಿ 300 ಮಿಲಿಸೆಕೆಂಡ್. ಎರಡನೇ ಸಲವೂ ಕಳೆದರೆ ಕಾಯುವಿಕೆ ಇಮ್ಮಡಿ, 600. ಬಫರಿನಲ್ಲಿರುವ 4096 ಬೈಟ್ 1800 ಫೀಡಿನಲ್ಲಿ ಸುಮಾರು 680 ಮಿಲಿಸೆಕೆಂಡಿಗೆ ಸಾಕು. ಒಂದು ಸಲ ಕಳೆದರೆ ಬಫರ್ ತಡೆದುಕೊಳ್ಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮತ್ತೆ ಕಳಿಸಿದ್ದೂ ಕಳೆದರೆ ಒಟ್ಟು 900, ಯಂತ್ರ ನಿಲ್ಲುತ್ತದೆ, ಗುರುತು ಬೀಳುತ್ತದೆ. ವೈರ್‌ಶಾರ್ಕ್‌ನಲ್ಲಿ ಗುರುತು ಬಿದ್ದ ಹೊತ್ತಿಗೆ ಸರಿಯಾಗಿ ಈ 300, 600ರ ಜೋಡಿಯೇ ಸಿಕ್ಕಿತು.

ಕಂಟ್ರೋಲರನ್ನು ಆಟೋಗೆ ಹಾಕಿದೆವು. ಸ್ವಿಚ್ ಫುಲ್ ತೋರಿಸಿತು, ಲೇಟ್ ಕೊಲಿಷನ್ ಅಲ್ಲಿಗೇ ನಿಂತಿತು.

ಹಾಗಾದರೆ ಕಾರ್ಡಿನ ಸೆಟ್ಟಿಂಗುಗಳು?

ಮಾಲಕರು ಕೇಳಿದ್ದು ಇದನ್ನೇ: ‘ಇಂಟರಪ್ಟ್ ಏನೋ ಬಂದ್ ಮಾಡ್ರಿ ಅಂತ ಎಲ್ಲಾರೂ ಹೇಳ್ತಾರಲ್ರಿ, ಅದು ಸುಳ್ಳೇನ್ರಿ?’ ಸುಳ್ಳಲ್ಲ. ಅದು ಬೇರೆ ಅಳತೆಯ ರೋಗಕ್ಕೆ ಮದ್ದು.

ಲ್ಯಾನ್ ಕಾರ್ಡಿಗೆ ಪ್ಯಾಕೆಟ್ ಬಂದಾಗ ಅದು ನೇರವಾಗಿ ಪಿಸಿಯ ಮೆಮೊರಿಗೆ ಬರೆದು, ಪ್ರೊಸೆಸರನ್ನು ಇಂಟರಪ್ಟ್ ಮೂಲಕ ಎಚ್ಚರಿಸುತ್ತದೆ. ಗಿಗಾಬಿಟ್ ಲೈನಿನಲ್ಲಿ 64 ಬೈಟಿನ ಪುಟ್ಟ ಫ್ರೇಮುಗಳು ಬಂದರೆ ಸೆಕೆಂಡಿಗೆ 14,88,095ರವರೆಗೂ ಬರಬಹುದು. ಒಂದೊಂದಕ್ಕೂ ಎಚ್ಚರಿಸಿದರೆ ಪ್ರೊಸೆಸರಿಗೆ ಬೇರೆ ಕೆಲಸವೇ ಆಗುವುದಿಲ್ಲ. ಆದ್ದರಿಂದ ಕಾರ್ಡ್ ಕೆಲವು ಹತ್ತು ಮೈಕ್ರೋಸೆಕೆಂಡ್ ಕಾದು, ಹಲವು ಪ್ಯಾಕೆಟಿಗೆ ಒಂದೇ ಸಲ ಎಚ್ಚರಿಸುತ್ತದೆ. ಇಂಟರಪ್ಟ್ ಮಾಡರೇಶನ್ ಎಂದರೆ ಇಷ್ಟೇ. ದೊಡ್ಡ ಫೈಲ್ ನಕಲು ಮಾಡುವವರಿಗೆ ಇದು ವರ. ಕೇಳು–ಕೊಡು ಮಾತುಕತೆಗೆ ಇದು ಪ್ರತಿ ಸುತ್ತಿಗೂ ಒಂದಿಷ್ಟು ತಡ. ಎನರ್ಜಿ ಎಫಿಶಿಯೆಂಟ್ ಈಥರ್ನೆಟ್ ಕೂಡ ಹೀಗೆಯೇ: 2010ರ 802.3ಎಝಡ್ ಮಾನಕದ ಪ್ರಕಾರ ಲೈನ್ ಖಾಲಿಯಿದ್ದಾಗ ಮಲಗುತ್ತದೆ, ಗಿಗಾಬಿಟ್ ತಾಮ್ರದ ಲೈನ್ ಮತ್ತೆ ಏಳಲು 16.5 ಮೈಕ್ರೋಸೆಕೆಂಡ್.

ಇವೆಲ್ಲ ಮೈಕ್ರೋಸೆಕೆಂಡಿನ ಲೆಕ್ಕ. 200 ಮಿಲಿಸೆಕೆಂಡ್ ಎಂದರೆ ಎರಡು ಲಕ್ಷ ಮೈಕ್ರೋಸೆಕೆಂಡ್. ಅದರಲ್ಲಿ ಐವತ್ತೋ ನೂರೋ ಉಳಿಸಿದರೆ ಗೆರೆ ಹೇಗೆ ಹೋದೀತು?

ಆದರೂ ಊಹೆ ಬೇಡ ಎಂದು ಕಾರ್ಡಿನ ಪಾಲನ್ನು ಅಳೆದು ನೋಡಿದೆವು. ಅದೇ ಪಿಸಿಯಲ್ಲಿ ವೈರ್‌ಶಾರ್ಕ್ ಹಚ್ಚಿದರೆ ಕಾರ್ಡಿನೊಳಗಿನ ತಡ ಕಾಣುವುದಿಲ್ಲ, ಏಕೆಂದರೆ ಪ್ಯಾಕೆಟ್ ಆಪರೇಟಿಂಗ್ ಸಿಸ್ಟಮ್ಮಿನ ಕೈಗೆ ಬಂದ ಹೊತ್ತನ್ನು ಅದು ಬರೆಯುತ್ತದೆ, ತಂತಿಗೆ ಬಂದ ಹೊತ್ತನ್ನಲ್ಲ. ಅದಕ್ಕೆ ಸ್ವಿಚ್ಚಿನಲ್ಲಿ ಪಿಸಿಯ ಪೋರ್ಟನ್ನು ಮಿರರ್ ಮಾಡಿ ಇನ್ನೊಂದು ಲ್ಯಾಪ್‌ಟಾಪಿನಲ್ಲೂ ಅದೇ ಸಂಚಾರ ಹಿಡಿದೆವು. ಎರಡೂ ಗಡಿಯಾರ ಹೊಂದಬೇಕಿಲ್ಲ. ಬೇಡಿಕೆ ಬಂದದ್ದಕ್ಕೂ ಉತ್ತರ ಹೊರಟದ್ದಕ್ಕೂ ನಡುವಿನ ಅಂತರವನ್ನು ಎರಡೂ ಕಡೆ ತೆಗೆದು ಕಳೆದರೆ, ಉಳಿದದ್ದು ಕಾರ್ಡಿನಲ್ಲಿ ಹೋಗಿಬರುವ ತಡ. ಮಾಡರೇಶನ್ ಚಾಲೂ ಇದ್ದಾಗಲೂ ಅದು ಅರ್ಧ ಮಿಲಿಸೆಕೆಂಡಿನ ಒಳಗೇ ಇತ್ತು. ಲ್ಯಾಪ್‌ಟಾಪಿನ ಕಾರ್ಡೂ ತನ್ನ ಪಾಲಿನ ತಡ ಸೇರಿಸುವುದರಿಂದ ಅದಕ್ಕಿಂತ ಸೂಕ್ಷ್ಮವಾಗಿ ಹೇಳುವುದು ಸರಿಯಲ್ಲ. ಈ ಪ್ರಕರಣಕ್ಕೆ ಅಷ್ಟು ಸಾಕು.

ಕಾರ್ಡ್ ತಯಾರಿಸುವವರು ಈ ತಡದ ಬೆನ್ನು ಹತ್ತಿ ಬಹಳ ಕಾಲವಾಯಿತು. 1990ರ ದಶಕದ ಆರಂಭದಲ್ಲಿ 3ಕಾಮ್ ಕಂಪನಿಯ ಈಥರ್‌ಲಿಂಕ್ 3 ಕಾರ್ಡ್ ಬಂದಾಗ ಅದರ ಹೆಗ್ಗಳಿಕೆ ಇದೇ ಆಗಿತ್ತು. ಪೂರ್ತಿ ಫ್ರೇಮ್ ಪಿಸಿಯಿಂದ ಕಾರ್ಡಿಗೆ ಬರುವ ಮೊದಲೇ, ಒಂದಿಷ್ಟು ಬಂದ ಕೂಡಲೇ ತಂತಿಗೆ ಇಳಿಸಲು ಶುರು ಮಾಡುತ್ತಿತ್ತು. ಬರುವ ಫ್ರೇಮಿಗೂ ಅಷ್ಟೇ, ಪೂರ್ತಿ ಬರುವ ಮುನ್ನವೇ ಪ್ರೊಸೆಸರಿಗೆ ಸುಳಿವು ಕೊಡುತ್ತಿತ್ತು. ಆಗ 10 ಮೆಗಾಬಿಟ್ ಕಾಲ, ಒಂದು ದೊಡ್ಡ ಫ್ರೇಮ್ ಸಾಗಲು 1.2 ಮಿಲಿಸೆಕೆಂಡ್ ಬೇಕಿತ್ತು, ಎರಡು ಕೆಲಸ ಒಟ್ಟಿಗೆ ನಡೆದರೆ ಉಳಿತಾಯ ಕಣ್ಣಿಗೆ ಕಾಣುತ್ತಿತ್ತು. ಅಪಾಯವೂ ಇತ್ತು: ಪಿಸಿ ಮಧ್ಯದಲ್ಲಿ ತಡ ಮಾಡಿದರೆ ಕಾರ್ಡಿನ ಬಳಿ ಕಳಿಸಲು ಬೈಟ್ ಉಳಿಯದೆ ಫ್ರೇಮ್ ಅರ್ಧಕ್ಕೆ ಮುರಿಯುತ್ತಿತ್ತು. ಎಷ್ಟು ಬೈಟ್ ಬಂದ ಮೇಲೆ ಶುರು ಮಾಡಬೇಕು ಎಂಬ ಮಿತಿಯನ್ನು ಹೊಂದಿಸುವುದರಲ್ಲೇ ಜಾಣತನವಿತ್ತು. ಆ ತಲೆಮಾರಿನ ಇಂಜಿನಿಯರುಗಳು ಮಾಡಿಟ್ಟ ಕೆಲಸದ ಮೇಲೆ ಇಂದಿನ ಸಾಧಾರಣ ಕಾರ್ಡೂ ನಿಂತಿದೆ. ಹಾಗಾಗಿಯೇ ಮಿಲಿಸೆಕೆಂಡುಗಟ್ಟಲೆ ತಡ ಕಂಡಾಗ ನಾನು ಕಾರ್ಡನ್ನು ಕೊನೆಗೆ ಶಂಕಿಸುತ್ತೇನೆ.

ಕಾರ್ಡಿನ ಸೆಟ್ಟಿಂಗೇ ಮುಖ್ಯವಾಗುವ ಕೆಲಸಗಳೂ ಉದ್ಯಮಬಾಗದಲ್ಲಿವೆ. ಪಿಸಿಯಿಂದಲೇ ಸರ್ವೋ ಮೋಟಾರುಗಳನ್ನು ಈಥರ್‌ಕ್ಯಾಟ್ ಎಂಬ ಯಂತ್ರ ನಿಯಂತ್ರಣದ ನೆಟ್‌ವರ್ಕ್ ಮೂಲಕ ನಡೆಸುವವರಿಗೆ ಸುತ್ತು ಸಾಮಾನ್ಯವಾಗಿ ಒಂದು ಮಿಲಿಸೆಕೆಂಡ್. ಅಲ್ಲಿ ನೂರು ಮೈಕ್ರೋಸೆಕೆಂಡ್ ಏರುಪೇರಾದರೂ ಹತ್ತನೇ ಒಂದು ಪಾಲು ಹೋಯಿತು. ಅಂಥವರು ಮಾಡರೇಶನ್ ಬಂದ್ ಮಾಡಲೇಬೇಕು, ಪ್ರೊಸೆಸರಿನ ಆಳವಾದ ನಿದ್ರೆಯ ಸ್ಥಿತಿಗಳನ್ನೂ ತಡೆಯಬೇಕು, ಆ ಕೆಲಸಕ್ಕೆ ಪ್ರತ್ಯೇಕ ಕಾರ್ಡ್ ಇಡಬೇಕು. ಲಿನಕ್ಸ್ ಇದ್ದರೆ ಈಥ್‌ಟೂಲ್ ಎಂಬ ಆಜ್ಞೆಯಿಂದ ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಕಾಯುವ ಹೊತ್ತನ್ನು ಹೊಂದಿಸಬಹುದು. ಪ್ರೊಸೆಸರೇ ಇಂಟರಪ್ಟಿಗೆ ಕಾಯದೆ ಕಾರ್ಡನ್ನು ನೋಡುತ್ತ ಕೂರುವ ಬ್ಯುಸಿ ಪೋಲಿಂಗ್ ಸೌಲಭ್ಯ 2013ರ 3.11 ಕರ್ನಲ್‌ನಿಂದ ಇದೆ.

ಈ ಶಾಪಿನ ಪಿಸಿಯಲ್ಲಿ ಮಾಡರೇಶನ್ ಮತ್ತೆ ಚಾಲೂ ಮಾಡಿದೆವು. ಅದೇ ಪಿಸಿಯಲ್ಲಿ ಕ್ಯಾಮ್ ಲೆಕ್ಕಾಚಾರವೂ ನಡೆಯುತ್ತದೆ, ಪ್ರೊಸೆಸರಿಗೆ ಸುಮ್ಮನೆ ಹೊರೆ ಬೇಡ. ಎನರ್ಜಿ ಎಫಿಶಿಯೆಂಟ್ ಈಥರ್ನೆಟ್ ಮಾತ್ರ ಬಂದ್ ಇರಲಿ ಎಂದೆ. 16 ಮೈಕ್ರೋಸೆಕೆಂಡಿಗೆ ಹೆದರಿ ಹೇಳಿದ ಮಾತಲ್ಲ. ಕೆಲವು ಕಾರ್ಡು-ಸ್ವಿಚ್ ಜೋಡಿಗಳಲ್ಲಿ ಅದು ಹೊಂದದೆ ಲಿಂಕೇ ಬಿದ್ದು ಮತ್ತೆ ಏಳುತ್ತದೆ, ಹೊಸ ಮಾತುಕತೆ ಮುಗಿಯಲು ಸೆಕೆಂಡುಗಳೇ ಬೇಕು. ಯಂತ್ರಕ್ಕೆ ಅಷ್ಟು ಹೊತ್ತು ಕಾಯುವ ಶಕ್ತಿ ಇಲ್ಲ.

ಈಗಿನ ಸ್ಥಿತಿ

ಫಿನಿಶಿಂಗ್ 1800ರಲ್ಲಿ ನಡೆಯುತ್ತಿದೆ, ಹಗಲೂ ರಾತ್ರಿಯೂ. ಫೈಬರಿನ ಕೊಟೇಶನ್ ವಾಪಸ್ ಹೋಯಿತು. ಮಾಲಕರು 2400ಕ್ಕೆ ಏರಿಸಿ ನೋಡಿದರು. ಗೆರೆ ಬೀಳಲಿಲ್ಲ, ಆದರೆ ಬಿಗಿಯಾದ ಬಾಗುಗಳಲ್ಲಿ ಯಂತ್ರ ತಾನಾಗಿಯೇ ನಿಧಾನಿಸಿತು. ಅದು ನೆಟ್‌ವರ್ಕಿನ ಮಾತಲ್ಲ. ಸೆಕೆಂಡಿಗೆ 400 ಸಾಲು ಎಂದರೆ ಸಾಲಿಗೆ ಎರಡೂವರೆ ಮಿಲಿಸೆಕೆಂಡ್, ಹಳೆಯ ಕಂಟ್ರೋಲರಿಗೆ ಅಷ್ಟು ಬೇಗ ಲೆಕ್ಕ ಹಾಕಿ ಮುಗಿಸಲಾಗುವುದಿಲ್ಲ. ಅದಕ್ಕೆ ಮದ್ದು ಕ್ಯಾಮ್‌ನಲ್ಲಿದೆ: ಸಣ್ಣ ನೇರ ಗೆರೆಗಳ ಬದಲು ಸಾಧ್ಯವಾದಲ್ಲಿ ಕಮಾನುಗಳನ್ನು ಹೊಂದಿಸಿದರೆ ಸಾಲುಗಳೇ ಕಡಿಮೆಯಾಗುತ್ತವೆ. ಹುಡುಗ ಈಗ ಅದನ್ನು ಹಿಡಿದು ಕೂತಿದ್ದಾನೆ.

ಅವನಿಗೆ ಇನ್ನೊಂದು ಕೆಲಸ ಹೇಳಿದ್ದೆ, ಮಾಡಿದ್ದಾನೆ. ಒಂದು ಬೇಡಿಕೆಯಿಂದ ಮುಂದಿನ ಬೇಡಿಕೆಗೆ ಎಷ್ಟು ಹೊತ್ತಾಯಿತು ಎಂದು ಪ್ರೋಗ್ರಾಮೇ ಅಳೆದು ಫೈಲಿಗೆ ಬರೆಯುತ್ತದೆ. ನೇರ ಗೋಡೆಯಲ್ಲಿ ಬಫರ್ ತುಂಬಿದ್ದಾಗ ಅಂತರ ದೊಡ್ಡದಿರುವುದು ಸಹಜ, ಅದನ್ನು ಬಿಟ್ಟು ಬಾಗಿದ ಭಾಗದ ಸಾಲುಗಳನ್ನಷ್ಟೇ ನೋಡಬೇಕು. ಅಲ್ಲಿ 200ರ ಸುತ್ತ ಸಂಖ್ಯೆಗಳು ಮತ್ತೆ ಗುಂಪುಗೂಡಿದರೆ ಸ್ವೀಕೃತಿಯ ಟೈಮರ್, 300 ಮತ್ತು 900 ಕಂಡರೆ ಪ್ಯಾಕೆಟ್ ಕಳೆಯುತ್ತಿದೆ, ಎರಡು-ಮೂರು ಸೆಕೆಂಡ್ ಕಂಡರೆ ಲಿಂಕ್ ಬೀಳುತ್ತಿದೆ. ಬೆಳಗಾವಿಯ ಮಳೆಗಾಲದಲ್ಲಿ ಶಾಪಿನ ಆರ್‌ಜೆ-45 ಕನೆಕ್ಟರುಗಳಿಗೆ ತೇವ ಹಿಡಿಯುವುದು ಹೊಸದಲ್ಲ. ಜೂನ್ ನಂತರ ಆ ಫೈಲನ್ನು ವಾರಕ್ಕೊಮ್ಮೆ ತೆರೆಯಬೇಕು ಎಂದು ಕಾಕಾನಿಗೂ ಹುಡುಗನಿಗೂ ಹೇಳಿ ಬಂದಿದ್ದೇನೆ. ಎರಡನೇ ವಿಎಂಸಿಗೂ ಇದೇ ಬೋರ್ಡ್ ಹಾಕಿಸುವ ಯೋಚನೆ ಇದೆ. ಅದರ ಪೋರ್ಟ್ ಮೊದಲ ದಿನದಿಂದಲೇ ಆಟೋದಲ್ಲಿರುತ್ತದೆ.